ಪಶ್ಚಿಮಕ್ಕೆ ಮುಖ ಮಾಡಿದ ಕರುಣಾಕರ

ಈಸ್ಟರ್ ಹಬ್ಬದ ಹಿಂದಿನ ಶನಿವಾರ ಬೆಳಿಗ್ಗೆ ಕೆ.ಆರ್. ಪುರದಲ್ಲಿ ಹೊಸಕೋಟೆಯ ಬಸ್ಸು ಹತ್ತಿದೆ. ಶುಕ್ರವಾರದ ರಜೆಯೂ ಸೇರಿಕೊಂಡಿದ್ದರಿಂದ ಊರಿಗೆ ಹೊರಟವರು ಬಹಳ ಮಂದಿ ಇದ್ದರು. ಮೊದಲ ಬಸ್ಸನ್ನು ಬಿಟ್ಟು ಎರಡನೆಯದರಲ್ಲಿ ಹಿಂದಿನ ಸೀಟು ಹಿಡಿದೆ. ಎಂಟು ಗಂಟೆಗೆಲ್ಲ ಸೆಕೆ ಶುರುವಾಗಿತ್ತು. ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ನೀರಿನ ಬಾಟಲಿ ಇದ್ದವು. ಅವುಗಳ ಜೊತೆಗೆ, ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡ ಒಂದು ಉತ್ತರವನ್ನೂ ಒಯ್ಯುತ್ತಿದ್ದೆ. ಪ್ರಯಾಣ ಹೊರಟಿದ್ದೇ ಆ ಉತ್ತರ ತಲುಪಿಸುವುದಕ್ಕೆ.

ಪ್ರಶ್ನೆ ಕೇಳಿದ್ದವರು ಎಸ್ತೇರಮ್ಮ. ಅವರ ಗಂಡ ಕರುಣಾಕರ ನಮ್ಮ ಪತ್ರಿಕೆಯ ಬಂಡಲುಗಳನ್ನು ಹೊಸಕೋಟೆ, ನಂದಗುಡಿ, ಚಿಂತಾಮಣಿ ದಾರಿಯಲ್ಲಿ ಹಂಚುವ ವ್ಯಾನಿನ ಚಾಲಕರಾಗಿದ್ದರು. ನಾನು ಡೆಸ್ಕಿನಲ್ಲಿ ಕೊನೆಯ ಪುಟ ಮುಗಿಸಿ ಕೆಳಗಿಳಿಯುವಾಗ ಅವರು ಗಾಡಿ ಒರೆಸುತ್ತಿರುತ್ತಿದ್ದರು. ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡರು. ಆಗ ಎಸ್ತೇರಮ್ಮನೂ ಆಸ್ಪತ್ರೆಯಲ್ಲಿದ್ದರು. ಗಂಡನ ಮಣ್ಣಿಗೆ ಹೋಗಲು ಅವರಿಗೆ ಆಗಲಿಲ್ಲ. ಈಚೆಗೆ ಒಂದು ದಿನ ಫೋನ್ ಮಾಡಿ, "ಸಾರ್, ಹೂತಿರೋರನ್ನ ತೆಗೆದು ತಿರುಗಿಸಿ ಮಲಗಿಸ್ಬೇಕು ಅಂದ್ರೆ ಯಾರ್ನ ಕೇಳ್ಬೇಕು? ನೀವು ಪೇಪರ್ನೋರು, ನಿಮಗೆ ಗೊತ್ತಿರುತ್ತೆ" ಎಂದರು.

ಅವರ ಊರಿನ ಸಮಾಧಿ ತೋಟದಲ್ಲಿ ಎಲ್ಲರನ್ನೂ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಮಾಡಿ ಮಲಗಿಸುತ್ತಾರೆ. ಕ್ರಿಸ್ತ ಮತ್ತೆ ಬರುವುದು ಪೂರ್ವದಿಂದ, ಸತ್ತವರು ಏಳುವ ಆ ದಿನ ಅವರ ಮುಖ ಅತ್ತ ಇರಬೇಕು ಎಂಬುದು ಕಾರಣ. ತಲೆಯ ಕಡೆಗೆ ಶಿಲುಬೆ ನೆಡುತ್ತಾರೆ. ಹಾಗಾಗಿ ಅಲ್ಲಿನ ಶಿಲುಬೆಗಳೆಲ್ಲ ಸಮಾಧಿಗಳ ಪಶ್ಚಿಮದ ತುದಿಯಲ್ಲಿವೆ. ಕರುಣಾಕರ ಅವರದು ಮಾತ್ರ ಪೂರ್ವದ ತುದಿಯಲ್ಲಿದೆ. ಆ ದಿನದ ಗಡಿಬಿಡಿಯಲ್ಲಿ ಪೆಟ್ಟಿಗೆಯನ್ನು ಹೇಗೋ ಗುಂಡಿಗೆ ಇಳಿಸಿ ಹೋಗಿಬಿಟ್ಟಿದ್ದಾರೆ ಎಂದು ಎಸ್ತೇರಮ್ಮ ನಂಬಿದ್ದರು. "ಎಲ್ಲಾ ಎದ್ದು ಆ ಕಡೆ ನೋಡ್ತಾ ನಿಂತಿದ್ರೆ ನಮ್ಮೋರೊಬ್ರು ಬೆನ್ನು ತಿರುಗಿಸ್ಕೊಂಡು ನಿಂತಿರ್ತಾರೆ ಸಾರ್" ಎಂದಿದ್ದರು. ಸಮಾಧಿಯ ಮೇಲೆ ಹಾಸುಗಲ್ಲು ಹಾಕಿಸಬೇಕೆಂದಿದ್ದರು. ಒಮ್ಮೆ ಕಲ್ಲು ಕೂತರೆ ಮತ್ತೆ ತೆಗೆಯುವಂತಿಲ್ಲ. ಅದಕ್ಕೆ ಮೊದಲೇ ಅವರನ್ನು ತಿರುಗಿಸಬೇಕಿತ್ತು. ಇನ್ನೊಂದು ಮಾತನ್ನೂ ಸೇರಿಸಿದರು. ಇದು ಬಾಬಾಜಾನ್ ಕಿವಿಗೆ ಬೀಳಬಾರದು. ಆ ದಿನ ಹೆಗಲು ಕೊಟ್ಟ ನಾಲ್ವರಲ್ಲಿ ಬಾಬಾಜಾನ್ ಒಬ್ಬರು. ನೆಂಟರಾರೂ ಹತ್ತಿರ ಬಾರದ ಹೊತ್ತಿನಲ್ಲಿ ಬಂದವರು.

ಹೊಸಕೋಟೆಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಇಳಿದು ಇಡ್ಲಿ ತಿಂದೆ. ಚಿಂತಾಮಣಿ ಕಡೆಯ ಬಸ್ಸು ಹುಡುಕಬೇಕೆಂದಿದ್ದೆ. ಅಷ್ಟರಲ್ಲಿ ಎದುರಿನ ಟೈರ್ ಅಂಗಡಿಯಿಂದ ಯಾರೋ ಕೂಗಿದರು. ಬಾಬಾಜಾನ್ ಅವರೇ. ಕರುಣಾಕರ ವ್ಯಾನಿಗೆ ಟೈರು ಹಾಕಿಸುತ್ತಿದ್ದದ್ದು ಅವರಲ್ಲಿ. ಆ ಮೂಲಕ ನನಗೂ ಪರಿಚಯ. ಗಡ್ಡ ಈಗ ಪೂರ್ತಿ ಬೆಳ್ಳಗಾಗಿದೆ. ಅಂಗಡಿಯ ಮುಂದೆ ಅವರ ಗೂಡ್ಸ್ ಆಟೋ ನಿಂತಿತ್ತು. ಅದರೊಳಗೆ ಗೋಣಿಚೀಲಗಳ ನಡುವೆ ಒಂದು ಉದ್ದನೆಯ ಬೂದು ಬಣ್ಣದ ಕಲ್ಲು ಮಲಗಿತ್ತು. ಒಂದು ತುದಿಯಲ್ಲಿ ಶಿಲುಬೆ ಕೆತ್ತಿದ್ದರು.

"ಕರ್ಣನದು" ಎಂದರು ಬಾಬಾಜಾನ್. ಕರುಣಾಕರ ಅವರನ್ನು ಅವರು ಕರೆಯುತ್ತಿದ್ದದ್ದು ಹಾಗೆ. "ಕೊಯಿರಾ ಕಲ್ಲು. ಭಾಭಿ ಹಬ್ಬ ಆದ್ಮೇಲೆ ತರೋಣ ಅಂದಿದ್ರು. ನಾನೇ ದೇವನಹಳ್ಳಿಗೆ ಹೋಗಿ ನಿನ್ನೇನೇ ಹೇರ್ಕೊಂಡು ಬಂದ್ಬಿಟ್ಟೆ. ನಾಳೆ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಹಾಕಿರ್ಬೇಕು. ಹತ್ತಿ ಸಾರ್."

ಹತ್ತಿದೆ. ಬೇರೆ ದಾರಿ ಇರಲಿಲ್ಲ.

ನಂದಗುಡಿಗೆ ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಕಲ್ಲಿನ ಭಾರಕ್ಕೆ ಆಟೋ ಸೈಕಲ್ಲಿನ ವೇಗದಲ್ಲಿ ಹೋಯಿತು. ರಾಗಿ ಕೊಯ್ದ ಹೊಲಗಳು ಖಾಲಿಯಾಗಿದ್ದವು. ನೀಲಗಿರಿ ತೋಪು, ಗುಲಾಬಿಯ ನೆರಳುಬಲೆ, ಟೊಮೆಟೊ ಕಡ್ಡಿಗಳು, ನಡುವೆ ಬುಡಮಟ್ಟ ಕತ್ತರಿಸಿದ ಹಿಪ್ಪುನೇರಳೆಯ ತೋಟಗಳು ಕಂಡವು. ಎರಡು ಊರುಗಳ ಗೋಡೆಗಳ ಮೇಲೆ, ಸರ್ಕಾರದ ಯೋಜನೆಗೆ ಭೂಮಿ ಕೊಡುವುದಿಲ್ಲ ಎಂದು ಸುಣ್ಣದಲ್ಲಿ ಬರೆದಿದ್ದರು. ದಾರಿಯುದ್ದಕ್ಕೂ ಬಾಬಾಜಾನ್ ಕರುಣಾಕರ ಅವರ ವಿಷಯವನ್ನೇ ಹೇಳಿದರು. ಪ್ರತಿ ಈಸ್ಟರ್‌ಗೆ ಮುಂಜಾನೆಯ ಆರಾಧನೆ ಮುಗಿದ ಕೂಡಲೇ ಕರುಣಾಕರ ಹೊಸಕೋಟೆಗೆ ಬರುತ್ತಿದ್ದರಂತೆ. ನಲವತ್ತು ದಿನ ಮಾಂಸ ಬಿಟ್ಟವರು ಅಂದು ಅಲ್ಲಿ ನಸುಕಿಗೇ ಶುರುವಾಗುವ ಬಿರಿಯಾನಿಯ ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಅವರು ಹೋದ ಮೇಲೆ ಬಾಬಾಜಾನ್ ತಾವೇ ಪ್ರತಿ ಈಸ್ಟರ್ ಬೆಳಿಗ್ಗೆ ಬಿರಿಯಾನಿ ಕಟ್ಟಿಸಿಕೊಂಡು ಎಸ್ತೇರಮ್ಮನ ಮನೆಗೆ ಹೋಗುತ್ತಿದ್ದಾರೆ.

ಮುಖ್ಯರಸ್ತೆಯಿಂದ ಬಲಕ್ಕೆ ತಿರುಗಿ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಊರು. ನಲವತ್ತು ಐವತ್ತು ಮನೆ, ಅದರಲ್ಲಿ ಹತ್ತಿಪ್ಪತ್ತು ಕ್ರೈಸ್ತರವು. ಎಸ್ತೇರಮ್ಮ ಜಗುಲಿಯಲ್ಲಿ ಸೇವಂತಿಗೆ ಹೂ ಬಿಡಿಸುತ್ತಿದ್ದರು. ಎತ್ತರದ ಹೆಂಗಸು, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನನ್ನನ್ನು ನೋಡಿ ನಕ್ಕರು. ಆಮೇಲೆ ಆಟೋದಲ್ಲಿದ್ದ ಕಲ್ಲನ್ನು ನೋಡಿದರು. ನಗು ಅಲ್ಲಿಗೇ ನಿಂತಿತು.

ಬಾಬಾಜಾನ್ ಗಾರೆ ಕೆಲಸದ ಮುನಿಯಪ್ಪನನ್ನು ಕರೆತರಲು ಹೋದರು. ಎಸ್ತೇರಮ್ಮ ಮಜ್ಜಿಗೆ ಕೊಟ್ಟರು. ನಾನು ವಕೀಲರು ಹೇಳಿದ್ದನ್ನು ಹಾಗೆಯೇ ಹೇಳಿದೆ. ಸುಮ್ಮನೆ ತೆಗೆಯುವಂತಿಲ್ಲ. ತಾಲ್ಲೂಕಿನ ಅಧಿಕಾರಿಗಳ ಅಪ್ಪಣೆ ಬೇಕು. ಕೊಟ್ಟರೂ ಪೊಲೀಸರ ಮುಂದೆ, ವೈದ್ಯರ ಮುಂದೆ ತೆಗೆಯಬೇಕಾಗಬಹುದು. ದಿಕ್ಕು ಬದಲಿಸಬೇಕು ಎಂಬುದನ್ನು ಕಾರಣವೆಂದು ಒಪ್ಪುತ್ತಾರೋ ಇಲ್ಲವೋ ಹೇಳಲಾಗದು. ಆದರೆ ಕೇಳುವುದಕ್ಕೆ ಅಡ್ಡಿಯಿಲ್ಲ.

"ಅಷ್ಟು ಜನದ ಮುಂದೆ ತೆಗೀಬೇಕಾ?" ಎಂದರು. ನನ್ನ ಮಜ್ಜಿಗೆಯ ಲೋಟ ತೆಗೆದುಕೊಳ್ಳುತ್ತ, "ಆದ್ರೂ ಕೇಳ್ತೀನಿ. ಹಂಗೇ ಬಿಡಕ್ಕಾಗಲ್ಲ ಸಾರ್. ಲಗೇಜ್ ಎಸೆದಂಗೆ ಎಸೆದು ಹೋಗಿದಾರೆ ಅಂತ ದಿನಾ ಅನ್ಸುತ್ತೆ" ಎಂದರು.

ಸಮಾಧಿ ತೋಟ ಊರಿನ ಪೂರ್ವಕ್ಕೆ, ಒಂದು ಏರಿನ ಮೇಲಿದೆ. ಸುತ್ತ ಮುಳ್ಳುತಂತಿ, ಮೂಲೆಯಲ್ಲಿ ಒಂದು ದೊಡ್ಡ ಹೊಂಗೆಮರ. ಹಬ್ಬಕ್ಕೆ ಮುಂಚಿನ ದಿನವಾದ್ದರಿಂದ ಕ್ರೈಸ್ತರ ಮನೆಮಂದಿಯೆಲ್ಲ ಅಲ್ಲಿದ್ದರು. ಸಮಾಧಿಗಳನ್ನು ತೊಳೆದು ಸುಣ್ಣ ಬಳಿಯುತ್ತಿದ್ದರು. ಕಳೆ ಕೀಳುತ್ತ ತೀರಿಹೋದವರ ವಿಷಯ ಮಾತಾಡುತ್ತಿದ್ದರು. ದುಃಖದ ಮಾತಲ್ಲ. ಯಾರು ಎಷ್ಟು ಜಿಪುಣರಾಗಿದ್ದರು, ಯಾರು ಮದುವೆ ಊಟದಲ್ಲಿ ಜಗಳವಾಡಿದ್ದರು, ಇಂಥವೇ. ನೆಂಟರ ಮನೆಗೆ ಬಂದವರ ಹಾಗೆ ಇದ್ದರು.

ನಾಲ್ಕು ಜನ ಹಿಡಿದು ಕಲ್ಲನ್ನು ಇಳಿಸಿದರು. ಮುನಿಯಪ್ಪ ಮಟ್ಟಗೋಲು ಇಟ್ಟುಕೊಂಡು, "ಶಿಲುಬೆ ಯಾವ ಕಡೆ ಬರ್ಬೇಕಮ್ಮ?" ಎಂದು ಕೇಳಿದರು.

ಎಸ್ತೇರಮ್ಮ ಬಗ್ಗಿ ಸಮಾಧಿಯ ಮೇಲಿನ ಒಂದು ಕಳೆ ಕಿತ್ತರು. ಮುನಿಯಪ್ಪ ಮತ್ತೆ ಕೇಳಿದರು. ಆ ದಿನ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ತಲೆ ಪೂರ್ವಕ್ಕಿದೆ, ಹಾಗಾಗಿ ಶಿಲುಬೆಯೂ ಆ ಕಡೆಗೇ ಅಲ್ಲವೇ ಎಂದರು. ಆಗ ಎಸ್ತೇರಮ್ಮ, ಯಾರ ಮುಖವನ್ನೂ ನೋಡದೆ, ಈಗ ಕಲ್ಲು ಹಾಕುವುದು ಬೇಡ, ಅವರನ್ನು ಮೊದಲು ಸರಿಯಾಗಿ ತಿರುಗಿಸಿ ಮಲಗಿಸಬೇಕು ಎಂದುಬಿಟ್ಟರು.

ಬಾಬಾಜಾನ್ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟರು.

"ಗಡಿಬಿಡಿಯಲ್ಲಿ ಆಗಿದ್ದಲ್ಲ ಭಾಭಿ. ನಾನೇ ಮಾಡಿಸಿದ್ದು. ಗುಂಡಿ ಹತ್ರ ಬಂದಾಗ ಮುನಿಯಪ್ಪ ಕೇಳ್ದ, ಕಾಲು ಯಾವ ಕಡೆ ಅಂತ. ನಿಮ್ಮೋರು ಯಾರೂ ಇರ್ಲಿಲ್ಲ ಕೇಳಕ್ಕೆ. ನಮ್ಮಲ್ಲಿ ಮುಖ ಪಶ್ಚಿಮಕ್ಕಿರ್ಬೇಕು. ಖಯಾಮತ್ ದಿನ ನಾವೂ ಏಳ್ತೀವಲ್ಲ. ಇವನ ಮುಖಾನೂ ಒಳ್ಳೇ ಕಡೆಗಿರ್ಲಿ, ಎದ್ದು ಕೂತ್ರೆ ಪಶ್ಚಿಮ ಕಾಣ್ಲಿ ಅಂತ ಕಾಲು ಆ ಕಡೆ ಮಾಡಿಸ್ದೆ. ನನ್ನ ಸ್ವಂತ ಅಣ್ಣ ಆಗಿದ್ರೂ ಅಷ್ಟೇ ಮಾಡ್ತಿದ್ದೆ."

ಪಕ್ಕದ ಸಮಾಧಿಗೆ ಸುಣ್ಣ ಬಳಿಯುತ್ತಿದ್ದವರು ಕೈ ನಿಲ್ಲಿಸಿದ್ದರು.

"ಮಳೆ ಬರ್ತಿತ್ತಂತೆ" ಎಂದರು ಎಸ್ತೇರಮ್ಮ.

"ಬರ್ತಿತ್ತು. ಆಂಬುಲೆನ್ಸ್ನೋರು ಬೇಗ ಬೇಗ ಅಂತಿದ್ರು. ಮೊದಲನೇ ಸಲ ಇಳಿಸಿದಾಗ ಪೆಟ್ಟಿಗೆ ಸೊಟ್ಟ ಕೂತ್ಕೊಂಡಿತ್ತು. ಮತ್ತೆ ಮೇಲಕ್ಕೆತ್ತಿ ನೆಟ್ಟಗೆ ಇಳಿಸಿದ್ವಿ. ಎಸೀಲಿಲ್ಲ ಭಾಭಿ."

ಎಸ್ತೇರಮ್ಮ ಸಮಾಧಿಯ ಅಂಚಿನಲ್ಲಿ ಕೂತುಬಿಟ್ಟರು. ಇಷ್ಟು ವರ್ಷ ಅವರು ಕೇಳಿರಲಿಲ್ಲ, ಬಾಬಾಜಾನ್ ಹೇಳಿರಲಿಲ್ಲ. ಕೇಳಿದರೆ ನೋವಾಗುತ್ತದೆಂದು ಅವರು ಸುಮ್ಮನಿದ್ದರು. ಹೇಳುವಂಥದ್ದೇನೂ ಇಲ್ಲ, ಸರಿಯಾಗಿಯೇ ಮಾಡಿದ್ದೇನೆ ಎಂದು ಇವರು ಸುಮ್ಮನಿದ್ದರು. ಆ ದಿನ ಕಲ್ಲು ಹಾಕಲಿಲ್ಲ. ಬಾಬಾಜಾನ್ ಆಟೋ ತಿರುಗಿಸಿಕೊಂಡು ಹೊರಟಾಗ ಎಸ್ತೇರಮ್ಮ ಬೇಲಿಯವರೆಗೆ ಹೋದರು. "ಬಾಬಣ್ಣ, ಬೆಳಿಗ್ಗೆ ಬರ್ತೀಯಲ್ಲ?" ಎಂದು ಕೇಳಿದರು. ಬರುತ್ತೇನೆ ಎಂದು ಅವರು ತಲೆಯಾಡಿಸಿದರು.

ಕತ್ತಲಾಗುವ ಮೊದಲು ಸಭೆಯ ಅಯ್ಯನವರು ಮನೆಗೆ ಬಂದರು. ಇಲ್ಲಿ ಪಾದ್ರಿಗಳನ್ನು ಎಲ್ಲರೂ ಹಾಗೇ ಕರೆಯುತ್ತಾರೆ. ಮೂವತ್ತೈದರ ಆಸುಪಾಸಿನ ವಯಸ್ಸು, ರೇಷ್ಮೆ ಬೆಳೆಯುವ ಮನೆಯಿಂದ ಬಂದವರು. ತೋಟದಲ್ಲಿ ನಡೆದದ್ದು ಅವರಿಗೆ ಆಗಲೇ ಗೊತ್ತಾಗಿತ್ತು. ನಾನು ಪತ್ರಿಕೆಯವರ ಅಭ್ಯಾಸದಂತೆ ನೇರವಾಗಿ ಕೇಳಿದೆ: ದಿಕ್ಕು ತಪ್ಪಿದರೆ ಪುನರುತ್ಥಾನಕ್ಕೆ ಅಡ್ಡಿಯೇ?

ಅಡ್ಡಿಯಿಲ್ಲ ಎಂದರು. ಸಮುದ್ರದಲ್ಲಿ ಮುಳುಗಿದವರು, ಬೆಂಕಿಯಲ್ಲಿ ಹೋದವರು ಎಲ್ಲರನ್ನೂ ಎಬ್ಬಿಸುವ ದೇವರಿಗೆ ಒಬ್ಬ ಕರುಣಾಕರನನ್ನು ತಿರುಗಿಸಿ ನಿಲ್ಲಿಸುವುದು ಕಷ್ಟವಲ್ಲ. ಆದರೆ ಪದ್ಧತಿ ಸುಳ್ಳೆಂದೂ ತಾವು ಹೇಳುವುದಿಲ್ಲ, ನಾವು ಕಾಯುತ್ತಿದ್ದೇವೆ ಎಂದು ಮಣ್ಣಿನಲ್ಲೂ ಹೇಳಿಕೊಳ್ಳುವ ರೀತಿ ಅದು ಎಂದರು. ಆಮೇಲೆ ಎಸ್ತೇರಮ್ಮನ ಕಡೆ ತಿರುಗಿ ಇನ್ನೊಂದು ವಿಷಯ ಹೇಳಿದರು. ಹೊಂಗೆಮರದ ಕೆಳಗೆ ಹಳೆಯ ಕಾಲದ ಅಯ್ಯನವರೊಬ್ಬರ ಸಮಾಧಿಯಿದೆ. ಶಿಲುಬೆ ಎಂದೋ ಬಿದ್ದುಹೋಗಿ ಬರೀ ಕಲ್ಲು ಉಳಿದಿದೆ. ಅದರ ಮೇಲಿನ ಅಕ್ಷರಗಳು ಉಳಿದ ಕಲ್ಲುಗಳಿಗೆ ಹೋಲಿಸಿದರೆ ತಲೆಕೆಳಗಾಗಿವೆ. ಅವರ ಮುಖವೂ ಪಶ್ಚಿಮಕ್ಕೇ ಇದೆ. ಕೆಲವು ಕಡೆ ಪಾದ್ರಿಗಳನ್ನು ಹಾಗೆ ಮಲಗಿಸುವುದುಂಟು. ಎದ್ದಾಗ ತಮ್ಮ ಸಭೆಗೆ ಎದುರಾಗಿ ನಿಲ್ಲಲಿ ಎಂದು.

ತೋಟದಿಂದ ಬಂದ ಮೇಲೆ ಎಸ್ತೇರಮ್ಮ ಮೊದಲ ಸಲ ನಕ್ಕರು. "ನಮ್ಮೋರು ಸಭೆ ಮುಂದೆ ನಿಲ್ತಾರಾ ಅಯ್ಯನೋರೇ? ರಾತ್ರಿಯೆಲ್ಲ ಗಾಡಿ ಓಡಿಸಿ ಬಂದು, ಹಿಂದಿನ ಬೆಂಚಲ್ಲಿ ಗೊರಕೆ ಹೊಡೀತಿದ್ರು."

ಮರುದಿನ ನಸುಕಿನಲ್ಲಿ ಎದ್ದೆವು. ಹೊರಗೆ ತಣ್ಣಗಿತ್ತು. ಮೇಣದ ಬತ್ತಿ ಹಿಡಿದ ಜನ ಹಾಡುತ್ತ ಏರು ಹತ್ತಿದರು. ಮುಂದೆ ಹೆಂಗಸರು, ಹಿಂದೆ ಗಂಡಸರು. ಮೊದಲ ಈಸ್ಟರ್ ಬೆಳಿಗ್ಗೆ ಸಮಾಧಿಗೆ ಬಂದವರು ಹೆಂಗಸರು ಎಂಬ ನೆನಪಿಗೆ ಈ ಕ್ರಮ ಎಂದು ಒಬ್ಬರು ಹೇಳಿದರು. ಪ್ರತಿ ಸಮಾಧಿಯ ಮೇಲೆ ಒಂದೊಂದು ಬತ್ತಿ ನೆಟ್ಟರು. ರಾತ್ರಿ ಉದುರಿದ ಹೊಂಗೆಹೂ ಸುಣ್ಣದ ಮೇಲೆ ಹರಡಿತ್ತು. ಅಯ್ಯನವರು, ಕರ್ತನು ಎದ್ದಿದ್ದಾನೆ ಎಂದರು. ನಿಜವಾಗಿಯೂ ಎದ್ದಿದ್ದಾನೆ ಎಂದು ಎಲ್ಲರೂ ಉತ್ತರ ಕೊಟ್ಟರು. ಅಷ್ಟು ಸಣ್ಣ ಗುಂಪಿನಿಂದ ಅಷ್ಟು ದೊಡ್ಡ ದನಿ ಬಂದೀತೆಂದು ನಾನು ನಿರೀಕ್ಷಿಸಿರಲಿಲ್ಲ.

ಪ್ರಸಂಗ, ಅಂದರೆ ಅವರ ಪ್ರವಚನ, ಚಿಕ್ಕದಾಗಿತ್ತು. ದೇವರು ಈ ಲೋಕವನ್ನು ಬಿಸಾಡಿ ಬೇರೊಂದನ್ನು ತರುತ್ತಾನೆ ಎಂದು ತಿಳಿಯಬೇಡಿ ಎಂದರು ಅಯ್ಯನವರು. ಏರಿನ ಕೆಳಗಿನ ಹಿಪ್ಪುನೇರಳೆಯ ತೋಟದ ಕಡೆ ಕೈ ತೋರಿಸಿದರು. ಬುಡಮಟ್ಟ ಕತ್ತರಿಸಿದಾಗ ನೋಡಿದವರಿಗೆ ತೋಟ ಸತ್ತೇಹೋಯಿತು ಅನ್ನಿಸುತ್ತದೆ. ಚಿಗುರುವುದು ಅದೇ ಬುಡ, ಅದೇ ಬೇರು, ಆದರೆ ಎಲೆ ಹೊಸದು. ನಮ್ಮ ಮೈಯೂ ಹಾಗೇ, ಈ ಮಣ್ಣೂ ಹಾಗೇ. ಯೇಸು ಎದ್ದಾಗ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಬೇರೆಯವನಾಗಿ ಬರಲಿಲ್ಲ ಎಂದರು.

ಬೇಲಿಯಾಚೆ ಕೇಳುತ್ತ ನಿಂತಿದ್ದ ಮುನಿಯಪ್ಪ ಆರಾಧನೆ ಮುಗಿದ ಮೇಲೆ ಒಂದು ಅನುಮಾನ ಎತ್ತಿದರು. ಅವರ ಜಮೀನಿನ ಪಕ್ಕದಲ್ಲೂ ಯೋಜನೆಯ ಅಳತೆಯವರು ಬಂದು ಹೋಗಿದ್ದಾರೆ. "ಹಂಗಾದ್ರೆ ಹೊಸ ಭೂಮಿಗೂ ಸರ್ವೆ ನಂಬರ್ ಇರುತ್ತಾ ಅಯ್ಯನೋರೇ?" ಅಳೆಯುವವರು ಯಾರೂ ಇರುವುದಿಲ್ಲ ಎಂದರು ಅಯ್ಯನವರು. ಹಾಗಿದ್ದರೆ ಬೇಗ ಬರಲಿ ಎಂದರು ಮುನಿಯಪ್ಪ. ಎಲ್ಲರೂ ನಕ್ಕರು, ಆದರೆ ಪೂರ್ತಿ ನಗೆಯಲ್ಲ.

ಇದಕ್ಕೆ ಸ್ವಲ್ಪ ಮೊದಲು ನಡೆದದ್ದನ್ನು ಹೇಳಬೇಕು. ನೀಲಗಿರಿ ತೋಪಿನ ಮೇಲೆ ಸೂರ್ಯ ಕಾಣಿಸಿಕೊಂಡಾಗ ಎಲ್ಲರೂ ತಮ್ಮ ತಮ್ಮವರ ಸಮಾಧಿಯ ಬಳಿ ಪೂರ್ವಕ್ಕೆ ಮುಖ ಮಾಡಿ ನಿಂತರು. ಕೊನೆಯ ಹಾಡು ಹಾಗೆಯೇ ಹಾಡಬೇಕು. ಉಳಿದವರೆಲ್ಲ ನಿಂತದ್ದು ಶಿಲುಬೆಯ ಪಕ್ಕದಲ್ಲಿ. ಎಸ್ತೇರಮ್ಮ ಗಂಡನ ಕಾಲ ಕಡೆ, ಪಶ್ಚಿಮದ ತುದಿಯಲ್ಲಿ ನಿಂತಿದ್ದರು. ಎದುರಿಗೆ ಸಮಾಧಿ, ಅದರಾಚೆ ಶಿಲುಬೆ, ಅದರಾಚೆ ಸೂರ್ಯ. ಅವರು ಹಾಡುತ್ತಿದ್ದವರು ನಡುವೆ ನಿಲ್ಲಿಸಿದರು. ಮತ್ತೆ ಹಾಡಲಿಲ್ಲ. ನೆಟ್ಟಗೆ ಮುಂದೆ ನೋಡುತ್ತಿದ್ದರು.

ಜನ ಚದುರತೊಡಗಿದಾಗ ಬಾಬಾಜಾನ್ ಆಟೋ ಬಂದು ನಿಂತಿತು. ಹೊಸಕೋಟೆಯ ಸಾಲಿನಲ್ಲಿ ಕತ್ತಲಲ್ಲೇ ನಿಂತು ತಂದ ಬಿರಿಯಾನಿಯ ಪೊಟ್ಟಣಗಳು ಅದರಲ್ಲಿದ್ದವು. ಅವರು ಒಳಗೆ ಬರದೆ ಬೇಲಿಯ ಹತ್ತಿರವೇ ನಿಂತಿದ್ದರು. ಎಸ್ತೇರಮ್ಮ ಅವರನ್ನು ಕರೆದರು. ಅಯ್ಯನವರನ್ನೂ ಕರೆದರು.

"ಅಯ್ಯನೋರೇ, ನನ್ನ ಜಾಗ ಇವರ ಪಕ್ಕದಲ್ಲಿ ಅಂತ ಹೇಳಿದ್ದೆ. ಅಲ್ಲಿ ಬೇಡ. ಇಲ್ಲಿ ಬೇಕು, ಇವರ ಕಾಲ ಕಡೆ. ನನ್ನನ್ನ ಎಲ್ಲರ ಹಂಗೇ ಮಲಗಿಸಿ, ತಲೆ ಪಶ್ಚಿಮಕ್ಕೆ. ಆಗ ಎದ್ದ ತಕ್ಷಣ ಇವರು ಎದುರಿಗೇ ಇರ್ತಾರೆ."

ಅಯ್ಯನವರು ಸಮಾಧಿಯನ್ನೂ ಅವರು ನಿಂತ ಜಾಗವನ್ನೂ ಎರಡು ಸಲ ನೋಡಿದರು. "ಬರೋ ಕರ್ತನನ್ನ ನೋಡೋದು ಬೇಡ್ವಾಮ್ಮ?"

"ಇವರ ತಲೆ ಮೇಲಿಂದ ಕಾಣುತ್ತೆ. ನನಗಿಂತ ಕುಳ್ಳ ಇವರು. ನಾನೇ ಹೇಳ್ತೀನಿ, ರೀ, ತಿರುಗಿ ನೋಡ್ರೀ, ಬಂದ್ರು ಅಂತ."

ಆಮೇಲೆ ಬಾಬಾಜಾನ್ ಕಡೆ ತಿರುಗಿದರು. "ಕಲ್ಲು ಹಾಕ್ಸು ಬಾಬಣ್ಣ. ನೀನು ಮಲಗಿಸಿದ್ದು ಸರಿಯಾಗಿದೆ." ಬಾಬಾಜಾನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮೊದಲು ಊಟ. ಹೊಂಗೆಮರದ ಕೆಳಗೆ ಮುತ್ತುಗದ ಎಲೆ ಹಾಸಿಕೊಂಡು ಬಿರಿಯಾನಿ ತಿಂದೆವು. ಇನ್ನೂ ಬಿಸಿಯಿತ್ತು. ಅಯ್ಯನವರು ಮಾಡಿದ ಪ್ರಾರ್ಥನೆಯಲ್ಲಿ ಕಾಯಿಲೆಯ ಕಾಲದಲ್ಲಿ ಹೆಗಲು ಕೊಟ್ಟ ನಾಲ್ವರ ಹೆಸರೂ ಬಂತು. ಮುನಿಯಪ್ಪ ತಮ್ಮ ಹೆಸರು ಕೇಳಿ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಪ್ರಾರ್ಥನೆ ಮುಗಿಯುವವರೆಗೆ ಕಾದರು.

ಭಾನುವಾರ ಕೆಲಸ ಮಾಡಬಹುದೇ ಎಂಬ ಪ್ರಶ್ನೆ ಬಂತು. ಇದು ಯೇಸುವಿನ ಸಮಾಧಿಯ ಕಲ್ಲು ಉರುಳಿಸಿದ ದಿನ, ನೀವು ಕಲ್ಲು ಹಾಕಲು ಹೊರಟಿದ್ದೀರಿ ಎಂದು ಅಯ್ಯನವರು ಚೇಷ್ಟೆ ಮಾಡಿದರು. ಆದರೆ ಬೇಡವೆನ್ನಲಿಲ್ಲ, ತಾವೂ ಒಂದು ಮೂಲೆ ಹಿಡಿದರು. ಕಲ್ಲು ಕೂತ ಮೇಲೆ ಬಾಬಾಜಾನ್ ಅದರ ಮೇಲೆ ಕೈಯಾಡಿಸಿ, ಇಷ್ಟು ಭಾರ ಹೊತ್ತುಕೊಂಡು ಕರ್ಣ ಹೇಗೆ ಏಳುತ್ತಾನೆ ಎಂದರು. "ಅದನ್ನ ಎತ್ತೋರು ಬೇರೆ ಇದಾರೆ ಬಿಡು" ಎಂದರು ಎಸ್ತೇರಮ್ಮ.

ಶಿಲುಬೆಯ ತುದಿ ಪೂರ್ವಕ್ಕೇ ಬಂತು. ಆಮೇಲೆ ಮುನಿಯಪ್ಪ ಸುಣ್ಣದ ಪುಡಿ ತೆಗೆದುಕೊಂಡು ಕಲ್ಲಿನ ಪಶ್ಚಿಮಕ್ಕೆ, ಅದಕ್ಕೆ ತಾಗಿದಂತೆ ಎಸ್ತೇರಮ್ಮನ ಜಾಗ ಗುರುತು ಹಾಕಲು ಬಗ್ಗಿದರು. ಎಸ್ತೇರಮ್ಮ ತಡೆದರು. ಕಲ್ಲಿನಿಂದ ಎರಡು ಹೆಜ್ಜೆ ಹಿಂದಕ್ಕೆ ಬಂದು, ಅಲ್ಲಿಂದ ಗೆರೆ ಎಳೆಯಿರಿ ಎಂದರು. ಇಷ್ಟು ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದರು ಮುನಿಯಪ್ಪ.

"ಎದ್ದ ಮೇಲೆ ನಿಂತ್ಕೊಳಕ್ಕೆ ಜಾಗ ಬೇಡ್ವೇನಪ್ಪ?"

ಹನ್ನೊಂದರ ಹೊತ್ತಿಗೆ ಹೊರಟೆ. ವಕೀಲರ ಉತ್ತರವನ್ನು ಯಾರೂ ಮತ್ತೆ ಕೇಳಲಿಲ್ಲ. ಕಲ್ಲಿಲ್ಲದ ಆಟೋ ಈಗ ಹಗುರವಾಗಿ ಓಡಿತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಏರಿನ ಮೇಲೆ ಬೂದು ಕಲ್ಲು ಕಾಣುತ್ತಿತ್ತು, ಅದರ ಕಾಲ ಕಡೆ ಸುಣ್ಣದ ಗೆರೆ ಕಾಣುತ್ತಿತ್ತು. ನಡುವೆ ಬಿಟ್ಟ ಜಾಗದಲ್ಲಿ ಎಸ್ತೇರಮ್ಮ ನಿಂತುಕೊಂಡು ನಮಗೆ ಕೈ ಬೀಸುತ್ತಿದ್ದರು.